ಟ್ರಿಪಲ್ ಎಲ್ಲಿ ಹೋಯಿತು? ಎರಡನೇ ಬೇಸ್‌ನಲ್ಲೇ ಯಾಕೆ ನಿಂತುಬಿಡುತ್ತಾರೆ?

ಮೂರನೇ ಬೇಸ್ · ಸೋಮವಾರ ಬೆಳಿಗ್ಗೆ

ಎಲ್ಲರಿಗೂ ನಮಸ್ಕಾರ. ಎರಡು ದಿನದಿಂದ ಒಂದು ವಿಷಯ ತಲೆ ತಿನ್ನುತ್ತಿದೆ. ಟ್ರಿಪಲ್, ಅಂದರೆ ಒಂದೇ ಹೊಡೆತಕ್ಕೆ ಬ್ಯಾಟರ್ ಮೂರನೇ ಬೇಸ್‌ವರೆಗೆ ಓಡಿ ಮುಟ್ಟುವುದು. ಬೇಸ್‌ಬಾಲ್ ನೋಡುವವರು ಇಲ್ಲಿ ಸುಮಾರು ಜನ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ.

ಶನಿವಾರ ಮಗಳನ್ನು ಕರೆದುಕೊಂಡು ಮನೆ ಹತ್ತಿರದ ಮೈನರ್ ಲೀಗ್ (ಮೇಜರ್ ಲೀಗ್‌ಗೆ ಕೆಳಗಿನ ಹಂತ) ಆಟಕ್ಕೆ ಹೋಗಿದ್ದೆ. ತಂಡದ ಹೆಸರು, ಆಟಗಾರನ ಹೆಸರು ಬೇಡ. ಇನ್ನೂ ಚಿಕ್ಕ ಹುಡುಗ, ಈಗ ಮೇಲೆ ಬರುತ್ತಿದ್ದಾನೆ. ಏಳನೇ ಇನಿಂಗ್‌ನಲ್ಲಿ ಆ ಎಡಗೈ ಬ್ಯಾಟರ್ ಚೆಂಡನ್ನು ಸೆಂಟರ್ ಫೀಲ್ಡರಿಗೂ ರೈಟ್ ಫೀಲ್ಡರಿಗೂ ನಡುವಿನ ಸಂದಿಗೆ ಬಾರಿಸಿದ. ಚೆಂಡು ಗೋಡೆಯ ಬುಡಕ್ಕೆ ಹೋಗಿ ಬಿತ್ತು. ಇಬ್ಬರು ಫೀಲ್ಡರುಗಳೂ ನಮಗೆ ಬೆನ್ನು ಮಾಡಿ ಓಡುತ್ತಿದ್ದರು. ಮಗಳು ಎದ್ದು ನಿಂತು "ಮೂರು, ಮೂರು" ಅಂತ ಕೂಗಿದಳು. ಹುಡುಗ ಎರಡನೇ ಬೇಸ್ ತಲುಪಿದ. ಹೆಲ್ಮೆಟ್ ಸರಿ ಮಾಡಿಕೊಂಡ. ಅಲ್ಲೇ ನಿಂತ.

ಜನ ಚಪ್ಪಾಳೆ ತಟ್ಟಿ ಕೂತರು. ಎರಡನೇ ಬೇಸ್‌ವರೆಗಿನ ಹೊಡೆತ, ಡಬಲ್, ಅದೂ ಒಳ್ಳೆ ಹೊಡೆತವೇ, ಇಲ್ಲ ಅನ್ನಲ್ಲ. ಆದರೆ ಮಗಳು ನನ್ನ ಕಡೆ ತಿರುಗಿ "ಯಾಕಪ್ಪಾ ನಿಂತ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ನನ್ನ ಮಟ್ಟಿಗೆ ಈ ಆಟದಲ್ಲಿ ಟ್ರಿಪಲ್‌ಗಿಂತ ಚಂದದ ಹೊಡೆತ ಇನ್ನೊಂದಿಲ್ಲ. ಹೋಮ್ ರನ್ ಆದರೆ ಚೆಂಡು ಗೋಡೆ ದಾಟಿತು, ಮುಗಿಯಿತು. ಆಮೇಲೆ ಬ್ಯಾಟರ್ ನಿಧಾನವಾಗಿ ಒಂದು ಸುತ್ತು ಬರುತ್ತಾನೆ, ಉಳಿದವರು ನಿಂತು ನೋಡುತ್ತಾರೆ. ಟ್ರಿಪಲ್‌ನಲ್ಲಿ ಹಾಗಲ್ಲ. ಹನ್ನೊಂದು ಹನ್ನೆರಡು ಸೆಕೆಂಡು ಮೈದಾನದಲ್ಲಿ ಯಾರೂ ಸುಮ್ನೆ ನಿಲ್ಲುವ ಹಾಗಿಲ್ಲ. ಫೀಲ್ಡರ್ ಚೆಂಡಿನ ಹಿಂದೆ, ನಡುವಿನವನು ಥ್ರೋ ಹಿಡಿಯಲು ಹೊರಗೆ, ಚೆಂಡು ಎಸೆದ ಪಿಚರ್ ಮೂರನೇ ಬೇಸಿನ ಹಿಂದಕ್ಕೆ. ಓಡುವವನ ಎದೆಬಡಿತ ನಮಗೇ ಕೇಳಿಸಿದ ಹಾಗಿರುತ್ತದೆ. ಕೊನೆಗೆ ಧೂಳೆಬ್ಬಿಸುವ ಆ ಸ್ಲೈಡ್.

ನೂರು ವರ್ಷದ ಹಿಂದೆ ಎರಡೂ ತಂಡ ಸೇರಿ ಸುಮಾರು ಪಂದ್ಯಕ್ಕೊಂದು ಟ್ರಿಪಲ್ ಬರುತ್ತಿತ್ತು. ಈಗ ಮೇಜರ್ ಲೀಗ್‌ನಲ್ಲಿ ನಾಲ್ಕು ಪಂದ್ಯ ನೋಡಿದರೆ ಒಂದು ಸಿಗುತ್ತದೆ. ಯಾಕೆ ಹೀಗಾಯಿತು? ನಿಮಗೆ ತಿಳಿದದ್ದು ಹೇಳಿ.

ಗಲ್ಲಿ ಕ್ರಿಕೆಟ್ · ಸೋಮವಾರ ಬೆಳಿಗ್ಗೆ

ನಾನು ಬೆಂಗಳೂರಲ್ಲಿದ್ದೇನೆ. ಬೇಸ್‌ಬಾಲ್ ಈಗೀಗ ನೋಡಲು ಶುರು ಮಾಡಿದ್ದು, ಜಪಾನಿನ ಆಟಗಾರ ಒಹ್ಟಾನಿ ಕಾರಣಕ್ಕೆ. ಹಾಗಾಗಿ ತಪ್ಪಿದ್ದರೆ ತಿದ್ದಿ.

ನೀವು ಹೇಳಿದ್ದು ಓದಿದಾಗ ನನಗೆ ತಕ್ಷಣ ನೆನಪಾದದ್ದು ನಮ್ಮ ಮೂರು ರನ್. ಊರಲ್ಲಿ ಕಾಲೇಜು ಮೈದಾನದಲ್ಲಿ ಆಡುವಾಗ ಹಗ್ಗ ಎಲ್ಲಿತ್ತು? ಓಡಿದಷ್ಟು ರನ್. ಕವರ್ ಕಡೆ ಹೊಡೆದು ಮೂರು ಓಡಿದರೆ ಉಸಿರು ಬಾಯಿಗೆ ಬರುತ್ತಿತ್ತು. ಈಗ ಟಿ20ಯಲ್ಲಿ ಬೌಂಡರಿ ಹಗ್ಗ ಒಳಗೆ ಎಳೆದಿರುತ್ತಾರೆ. ಚಿನ್ನಸ್ವಾಮಿಯಲ್ಲಿ ಸಂದಿಗೆ ಬಿದ್ದ ಚೆಂಡು ನೇರ ನಾಲ್ಕಕ್ಕೆ ಹೋಗುತ್ತದೆ, ಇಲ್ಲಾ ಎರಡಕ್ಕೆ ನಿಲ್ಲುತ್ತದೆ. ಮೂರು ನೋಡಬೇಕು ಅಂದರೆ ಮೆಲ್ಬರ್ನ್ ಪಂದ್ಯ ಹಾಕಬೇಕು.

ಬೇಸ್‌ಬಾಲ್‌ನಲ್ಲೂ ಇದೇ ಕಥೆನಾ? ಮೈದಾನ ಚಿಕ್ಕದಾಯಿತಾ?

ಹಳೇ ಪುಸ್ತಕ · ಸೋಮವಾರ ಮಧ್ಯಾಹ್ನ

ಗಲ್ಲಿ ಕ್ರಿಕೆಟ್ ಅವರೇ, ಮೊದಲ ಉತ್ತರ ಅದೇ. ಆದರೆ ಹಳೆಯ ಮೈದಾನಗಳು ಎಷ್ಟು ದೊಡ್ಡವು ಅಂತ ಹೇಳಿದರೆ ಮಾತ್ರ ಇದು ಅರ್ಥವಾಗುತ್ತದೆ.

ಪಿಟ್ಸ್‌ಬರ್ಗ್‌ನಲ್ಲಿ ಫೋರ್ಬ್ಸ್ ಫೀಲ್ಡ್ ಅಂತ ಇತ್ತು. 1909ರಲ್ಲಿ ಶುರುವಾಯಿತು, 1970ರವರೆಗೆ ಆಡಿದರು. ಸೆಂಟರ್ ಫೀಲ್ಡಿನ ಎಡಕ್ಕೆ ಗೋಡೆ ಹೋಮ್ ಪ್ಲೇಟ್‌ನಿಂದ, ಅಂದರೆ ಬ್ಯಾಟರ್ ನಿಲ್ಲುವ ಜಾಗದಿಂದ, 457 ಅಡಿ ದೂರ. ಈಗಿನ ಮೈದಾನಗಳಲ್ಲಿ ಸೆಂಟರ್ ಫೀಲ್ಡ್ ಸಾಮಾನ್ಯವಾಗಿ 400 ಅಡಿ ಆಸುಪಾಸು. ಆ ಮೂಲೆ ಎಷ್ಟು ದೂರ ಅಂದರೆ ಅಭ್ಯಾಸಕ್ಕೆ ಬಳಸುವ ಬ್ಯಾಟಿಂಗ್ ಕೇಜನ್ನು ಪಂದ್ಯ ನಡೆಯುವಾಗಲೂ ಅಲ್ಲೇ ಗೋಡೆಗೆ ಒರಗಿಸಿ ಇಡುತ್ತಿದ್ದರು. ಚೆಂಡು ಅಲ್ಲಿಯವರೆಗೆ ಹೋಗುವುದೇ ಅಪರೂಪ ಅಂತ ಧೈರ್ಯ.

ಅದೇ ಮೈದಾನದ ತಂಡದ ಓವೆನ್ ವಿಲ್ಸನ್, ಎಲ್ಲರೂ ಚೀಫ್ ಅನ್ನುತ್ತಿದ್ದರು, 1912ರಲ್ಲಿ ಒಂದೇ ವರ್ಷ 36 ಟ್ರಿಪಲ್ ಹೊಡೆದ. ಇವತ್ತಿಗೂ ಅದೇ ದಾಖಲೆ. ಆತ ಬೇರೆ ಯಾವ ವರ್ಷವೂ 15 ಮುಟ್ಟಲಿಲ್ಲ. ಒಟ್ಟು ಲೆಕ್ಕದಲ್ಲಿ ಸ್ಯಾಮ್ ಕ್ರಾಫರ್ಡ್ 309, ಟೈ ಕಾಬ್ 295. ನಮ್ಮ ಕಾಲದಲ್ಲಿ ಅತಿ ಜಾಸ್ತಿ ಹೊಡೆದವರಲ್ಲಿ ಒಬ್ಬ ಹೊಸೆ ರೇಯೆಸ್. 2018ರಲ್ಲಿ ಆಟ ಮುಗಿಸುವಾಗ ಅವನ ಲೆಕ್ಕ 131. ಅರ್ಧಕ್ಕೂ ಬರಲಿಲ್ಲ.

ಆಗ ಚೆಂಡು ಕೂಡ ಬೇರೆ. 1920ಕ್ಕೆ ಮುಂಚಿನ ಕಾಲದಲ್ಲಿ ಒಂದೇ ಚೆಂಡನ್ನು ಸವೆದು, ಮೆತ್ತಗಾಗಿ, ಕಪ್ಪಾಗುವವರೆಗೂ ಆಡುತ್ತಿದ್ದರು. ಅದು ದೂರ ಹಾರುತ್ತಿರಲಿಲ್ಲ. 1908ರಲ್ಲಿ ಅಮೆರಿಕನ್ ಲೀಗ್‌ನಲ್ಲಿ ಎಲ್ಲರಿಗಿಂತ ಹೆಚ್ಚು ಹೋಮ್ ರನ್ ಹೊಡೆದವನು ಇದೇ ಕ್ರಾಫರ್ಡ್. ಎಷ್ಟು ಗೊತ್ತಾ? ಇಡೀ ವರ್ಷಕ್ಕೆ 7. ಚೆಂಡು ಹಾರುವುದಿಲ್ಲ ಅಂತ ಔಟ್‌ಫೀಲ್ಡರುಗಳು ಮುಂದೆ ಬಂದು ನಿಲ್ಲುತ್ತಿದ್ದರು. ಟ್ರಿಸ್ ಸ್ಪೀಕರ್ ಅಂತ ಸೆಂಟರ್ ಫೀಲ್ಡರ್ ಒಬ್ಬನಿದ್ದ. ಎಷ್ಟು ಮುಂದೆ ನಿಲ್ಲುತ್ತಿದ್ದ ಅಂದರೆ ಕ್ಯಾಚ್ ಹಿಡಿದು ತಾನೇ ಓಡಿ ಬಂದು ಎರಡನೇ ಬೇಸ್ ಮುಟ್ಟಿ ಇನ್ನೊಬ್ಬನನ್ನೂ ಔಟ್ ಮಾಡಿದ್ದುಂಟು. ಈಗ ಯೋಚನೆ ಮಾಡಿ. ಫೀಲ್ಡರ್ ಮುಂದೆ, ಗೋಡೆ 450 ಅಡಿ ಹಿಂದೆ. ಅವನ ತಲೆ ಮೇಲೆ ಚೆಂಡು ಹೋದರೆ ಅದು ಉರುಳುತ್ತಲೇ ಇರುತ್ತಿತ್ತು.

ಇನ್ನೊಂದು ಮಾತು. 1903ರ ಮೊದಲ ವರ್ಲ್ಡ್ ಸೀರೀಸ್‌ನಲ್ಲಿ (ವರ್ಷದ ಕೊನೆಯ ಫೈನಲ್ ಸರಣಿ) ಜನ ಜಾಸ್ತಿಯಾಗಿ ಮೈದಾನದ ಒಳಗೇ ಹಗ್ಗ ಕಟ್ಟಿ ನಿಲ್ಲಿಸಿದ್ದರು. ಪಿಟ್ಸ್‌ಬರ್ಗ್‌ನಲ್ಲಿ ಚೆಂಡು ಆ ಜನರ ಮಧ್ಯೆ ಹೋದರೆ ಟ್ರಿಪಲ್ ಅಂತಲೇ ನಿಯಮ ಮಾಡಿಕೊಂಡಿದ್ದರು. ಹಾಗಾಗಿ ಹಳೆಯ ಅಂಕಿ ನೋಡುವಾಗ ಎಲ್ಲವೂ ಓಡಿಯೇ ಬಂದದ್ದು ಅಂತ ತಿಳಿಯಬಾರದು.

ಡೆಟ್ರಾಯ್ಟ್ ಚಳಿ · ಸೋಮವಾರ ಸಂಜೆ

ಗೋಡೆ ವಿಷಯಕ್ಕೆ ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ.

ಇಲ್ಲಿನ ಕೊಮೆರಿಕಾ ಪಾರ್ಕ್ 2000ದಲ್ಲಿ ಶುರುವಾದಾಗ ಸೆಂಟರ್ ಫೀಲ್ಡ್ 420 ಅಡಿ, ಎಡ ಸಂದಿ 395 ಅಡಿ. ಹೋಮ್ ರನ್ ಬರುತ್ತಿಲ್ಲ ಅಂತ ಬ್ಯಾಟರುಗಳು ಗೊಣಗಿದರು. 2003ಕ್ಕೆ ಎಡಗಡೆ ಗೋಡೆಯನ್ನು 370ಕ್ಕೆ ತಂದರು. 2023ಕ್ಕೆ ಸೆಂಟರನ್ನೂ 412ಕ್ಕೆ ತಂದರು. ಬೇರೆ ಊರಲ್ಲೂ ಇದೇ. ಹ್ಯೂಸ್ಟನ್‌ನಲ್ಲಿ ಸೆಂಟರ್ ಫೀಲ್ಡ್ 436 ಅಡಿ ಇತ್ತು, ಅದರ ಬುಡದಲ್ಲಿ ಒಂದು ದಿಬ್ಬ ಬೇರೆ. 2016ರ ಸೀಸನ್ ಮುಗಿದ ಮೇಲೆ ದಿಬ್ಬ ತೆಗೆದು 409ಕ್ಕೆ ಇಳಿಸಿದರು. ಸ್ಯಾನ್ ಫ್ರಾನ್ಸಿಸ್ಕೋದಲ್ಲಂತೂ ಬಲ ಸಂದಿಗೆ ಟ್ರಿಪಲ್ಸ್ ಆ್ಯಲೀ ಅಂತಲೇ ಹೆಸರು, ಟ್ರಿಪಲ್‌ಗಳ ಓಣಿ. 421 ಅಡಿ ಇತ್ತು. 2020ರಲ್ಲಿ ಬುಲ್‌ಪೆನ್‌ಗಳನ್ನು (ಪಿಚರುಗಳು ಎಸೆದು ಸಿದ್ಧವಾಗುವ ಜಾಗ) ಗೋಡೆಯ ಹಿಂದಕ್ಕೆ ಹಾಕಿದಾಗ ಅದೂ 415 ಆಯಿತು. ಆ ಓಣಿ ಇದ್ದ ಕಾಲದಲ್ಲಿ, 2012ರಲ್ಲಿ, ಏಂಜೆಲ್ ಪಗಾನ್ 15 ಟ್ರಿಪಲ್ ಹೊಡೆದಿದ್ದ.

ನನ್ನ ಪಾಲಿಗೆ ಟ್ರಿಪಲ್ ಅಂದರೆ 2007. ನಮ್ಮ ಕರ್ಟಿಸ್ ಗ್ರ್ಯಾಂಡರ್ಸನ್ ಆ ವರ್ಷ 23 ಹೊಡೆದ. 1949ರ ಮೇಲೆ ಯಾರೂ ಅಷ್ಟು ಹೊಡೆದಿರಲಿಲ್ಲ. ನಾನು ಆಗ ತಾನೇ ಈ ದೇಶಕ್ಕೆ ಬಂದಿದ್ದೆ. ಗೆಳೆಯನೊಬ್ಬ ಕರೆದುಕೊಂಡು ಹೋಗಿ ಬಲಗಡೆ ಮೇಲಿನ ಸಾಲಲ್ಲಿ ಕೂರಿಸಿದ. ಆಟದ ನಿಯಮ ಅರ್ಧಂಬರ್ಧ ಗೊತ್ತಿತ್ತು. ಗ್ರ್ಯಾಂಡರ್ಸನ್ ಮೊದಲ ಬೇಸ್ ತಿರುಗುವಾಗ ಕಾಲು ನೆಲಕ್ಕೆ ತಾಗುತ್ತಿದೆಯೋ ಇಲ್ಲವೋ ಅನ್ನುವ ಹಾಗಿತ್ತು. ಆವತ್ತಿನಿಂದ ನಾನು ಈ ಆಟದವನಾದೆ.

ಅವನ ಮೇಲೆ ಇವತ್ತಿನವರೆಗೆ ಯಾರೂ ಒಂದು ವರ್ಷದಲ್ಲಿ 20 ಮುಟ್ಟಿಲ್ಲ. ಗೋಡೆ ಹಿಂದಕ್ಕೆ ಹಾಕಿದರೆ ಎಲ್ಲಾ ಸರಿಹೋಗುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ಕಾನ್ಸಾಸ್ ಅಕ್ಕ · ಸೋಮವಾರ ರಾತ್ರಿ

ಡೆಟ್ರಾಯ್ಟ್ ಚಳಿ ಅವರೇ, ನಿಮ್ಮ ಮಾತು ಅರ್ಧ ಒಪ್ಪುತ್ತೇನೆ. ಅದೇ 2007ರಲ್ಲಿ 20 ಮುಟ್ಟಿದ ಇನ್ನೊಬ್ಬನನ್ನು ಬಿಟ್ಟಿರಲ್ಲಾ. ಜಿಮಿ ರಾಲಿನ್ಸ್. ಫಿಲಡೆಲ್ಫಿಯಾದ ಮೈದಾನ ದೊಡ್ಡದೇನಲ್ಲ, ಹೋಮ್ ರನ್‌ಗೆ ಹೆಸರಾದದ್ದು. ಆದರೂ ಸೀಸನ್ನಿನ ಕೊನೆಯ ದಿನ ಇಪ್ಪತ್ತನೆಯದನ್ನು ಹೊಡೆದ. ಗೋಡೆ ಒಂದೇ ಕಾರಣ ಆಗಿದ್ದರೆ ಅವನಿಗೆ ಅದು ಆಗುತ್ತಲೇ ಇರಲಿಲ್ಲ.

ನಾನಿರುವುದು ಕಾನ್ಸಾಸ್ ಸಿಟಿ. ಇಲ್ಲಿ ಹಳಬರನ್ನು ಕೇಳಿದರೆ ಗೋಡೆಗಿಂತ ಮೊದಲು ನೆಲದ ಮಾತು ತೆಗೆಯುತ್ತಾರೆ. ಇಲ್ಲಿನ ಮೈದಾನ 1973ರಲ್ಲಿ ಶುರುವಾದಾಗಿನಿಂದ 1994ರವರೆಗೆ ಪ್ಲಾಸ್ಟಿಕ್ ಹುಲ್ಲು. ಕೆಳಗೆ ಗಟ್ಟಿ ನೆಲ, ಮೇಲೆ ತೆಳ್ಳಗೆ ಕಾರ್ಪೆಟ್ ಹಾಸಿದ ಹಾಗೆ. ಅದರ ಮೇಲೆ ಚೆಂಡು ಪುಟಿದರೆ ಸಿಮೆಂಟ್ ರಸ್ತೆ ಮೇಲೆ ಪುಟಿದ ಹಾಗೆ. ಸಂದಿಗೆ ಹೋದರೆ ಫೀಲ್ಡರ್ ಎರಡು ಹೆಜ್ಜೆ ಇಡುವಷ್ಟರಲ್ಲಿ ಗೋಡೆ ಮುಟ್ಟುತ್ತಿತ್ತು. ಜಾರ್ಜ್ ಬ್ರೆಟ್ 1979ರಲ್ಲಿ 20. ವಿಲಿ ವಿಲ್ಸನ್ 1985ರಲ್ಲಿ 21. ಅದೇ ವರ್ಷ ಸೇಂಟ್ ಲೂಯಿಸ್‌ನ ವಿಲಿ ಮೆಗೀ 18. ಅಲ್ಲೂ ಪ್ಲಾಸ್ಟಿಕ್ ನೆಲವೇ. ಆ ವರ್ಷ ವರ್ಲ್ಡ್ ಸೀರೀಸ್ ಆಡಿದ್ದೂ ಈ ಎರಡು ತಂಡಗಳೇ.

ಆಗ ಅಂಥ ನೆಲ ಇದ್ದ ಊರುಗಳು ಬಹಳ. ಅದಕ್ಕೆ ತಕ್ಕ ಹಾಗೆ ಓಡುವ ಹುಡುಗರನ್ನೇ ಹುಡುಕಿ ತಂದು ತಂಡ ಕಟ್ಟುತ್ತಿದ್ದರು. ನೆಲ ಆಟಗಾರರ ಮಂಡಿ ತಿನ್ನುತ್ತದೆ ಅಂತ ಒಂದೊಂದೇ ಊರು ಅದನ್ನು ಕಿತ್ತು ನಿಜ ಹುಲ್ಲು ಹಾಕಿತು. ಒಳ್ಳೆಯದೇ ಮಾಡಿದರು. ಮಂಡಿ ಹೋದ ಮೇಲೆ ಟ್ರಿಪಲ್ ಯಾರಿಗೆ ಬೇಕು? ಈಗ ಕೃತಕ ಹುಲ್ಲು ಇರುವ ಕೆಲವೇ ಕಡೆಯೂ ಅದು ಮೆತ್ತಗಿದೆ, ಚೆಂಡು ನಿಜ ಹುಲ್ಲಿನ ಹಾಗೇ ನಿಧಾನವಾಗುತ್ತದೆ.

ನಮ್ಮ ಬಾಬಿ ವಿಟ್ ಇಡೀ ಮೇಜರ್ ಲೀಗ್‌ನಲ್ಲೇ ಅತಿ ವೇಗವಾಗಿ ಓಡುವವರಲ್ಲಿ ಒಬ್ಬ. 2023ರಲ್ಲಿ 11, 2024ರಲ್ಲಿ 11. ಅವನನ್ನು ಆ ಹಳೇ ನೆಲದ ಮೇಲೆ ಒಂದು ಸೀಸನ್ ಓಡಿಸಿ ನೋಡಬೇಕಿತ್ತು ಅಂತ ಎಷ್ಟು ಸಲ ಅಂದುಕೊಂಡಿದ್ದೇನೆ.

ಲೆಕ್ಕದ ಮೇಷ್ಟ್ರು · ಮಂಗಳವಾರ ಬೆಳಿಗ್ಗೆ

ಗೋಡೆ, ನೆಲ, ಚೆಂಡು ಎಲ್ಲಾ ಸರಿ. ಆದರೆ ಮೂರನೇ ಬೇಸ್ ಅವರ ಮಗಳು ಕೇಳಿದ್ದು "ಯಾಕೆ ನಿಂತ" ಅಂತ. ಅದು ಮನುಷ್ಯ ಮಾಡುವ ತೀರ್ಮಾನ. ಅಲ್ಲಿಗೆ ಬರೋಣ.

ಬೇಸ್‌ಬಾಲ್‌ನಲ್ಲಿ ಒಂದು ಹಳೇ ಬುದ್ಧಿಮಾತಿದೆ. ಮೂರನೇ ಬೇಸ್‌ನಲ್ಲಿ ಇನಿಂಗ್‌ನ ಮೊದಲ ಔಟ್ ಆಗಬೇಡ, ಮೂರನೇ ಔಟೂ ಆಗಬೇಡ. ಮೂರು ಔಟ್ ಆದರೆ ತಂಡದ ಇನಿಂಗ್ ಮುಗಿಯುತ್ತದೆ. ಲೆಕ್ಕ ಹಾಕಿದರೂ ಅದೇ ಬರುತ್ತದೆ.

ಇನ್ನೂ ಯಾರೂ ಔಟ್ ಆಗಿಲ್ಲ ಅಂದುಕೊಳ್ಳಿ. ಎರಡನೇ ಬೇಸ್‌ನಲ್ಲಿ ಓಟಗಾರ ಇದ್ದರೆ ಅಲ್ಲಿಂದ ಇನಿಂಗ್ ಮುಗಿಯುವವರೆಗೆ ತಂಡಕ್ಕೆ ಸರಾಸರಿ ಸುಮಾರು 1.1 ರನ್ ಬರುತ್ತದೆ. ಮೂರನೇ ಬೇಸ್‌ನಲ್ಲಿದ್ದರೆ ಸುಮಾರು 1.35. ಅವನು ಓಡಲು ಹೋಗಿ ಔಟ್ ಆದರೆ ಬೇಸ್ ಖಾಲಿ, ಒಂದು ಔಟ್, ಆಗ 0.25ರ ಹತ್ತಿರ. ಅಂದರೆ ಗೆದ್ದರೆ ಸಿಗುವುದು ಕಾಲು ರನ್, ಸೋತರೆ ಹೋಗುವುದು ಮುಕ್ಕಾಲು ರನ್‌ಗಿಂತ ಜಾಸ್ತಿ. ನಾಲ್ಕರಲ್ಲಿ ಮೂರು ಸಲಕ್ಕಿಂತ ಹೆಚ್ಚು ಗೆಲ್ಲುತ್ತೇನೆ ಅನ್ನುವ ಹಾಗಿದ್ದರೆ ಮಾತ್ರ ಓಡಬೇಕು.

ಎರಡು ಔಟ್ ಆಗಿದ್ದರೆ ಇನ್ನೂ ಕಷ್ಟ. ಆಗ ಎರಡನೇ ಬೇಸಿಗೂ ಮೂರನೇ ಬೇಸಿಗೂ ಹೆಚ್ಚು ವ್ಯತ್ಯಾಸವೇ ಇಲ್ಲ. ಮುಂದಿನವನು ಸಿಂಗಲ್ (ಮೊದಲ ಬೇಸ್‌ವರೆಗಿನ ಹೊಡೆತ) ಹೊಡೆದರೆ ಎರಡು ಕಡೆಯಿಂದಲೂ ಸಾಮಾನ್ಯವಾಗಿ ರನ್ ಬರುತ್ತದೆ. ಹತ್ತರಲ್ಲಿ ಒಂಬತ್ತು ಸಲ ಗೆಲ್ಲುವ ಭರವಸೆ ಬೇಕು.

ಒಂದು ಔಟ್ ಆಗಿದ್ದಾಗ ಮಾತ್ರ ಕಥೆ ಬೇರೆ. ಎರಡನೇ ಬೇಸ್‌ನಲ್ಲಿದ್ದರೆ 0.65, ಮೂರನೇ ಬೇಸ್‌ನಲ್ಲಿದ್ದರೆ 0.95ರ ಆಸುಪಾಸು. ಯಾಕೆಂದರೆ ಮೂರರಲ್ಲಿದ್ದರೆ ಮುಂದಿನವನು ದೂರಕ್ಕೆ ಕ್ಯಾಚ್ ಕೊಟ್ಟರೂ ಸಾಕು, ಕ್ಯಾಚ್ ಹಿಡಿದ ಮೇಲೆ ಇವನು ಓಡಿ ಬರಬಹುದು, ರನ್ ಬರುತ್ತದೆ. ಆಗ ಮೂರರಲ್ಲಿ ಎರಡು ಸಲ ಗೆಲ್ಲುವ ಹಾಗಿದ್ದರೂ ಓಡಬಹುದು.

ಈ ಲೆಕ್ಕ ಈಗ ಎಲ್ಲಾ ತಂಡದವರ ಹತ್ತಿರವೂ ಇದೆ. ಔಟ್ ಅನ್ನುವುದು ಎಷ್ಟು ಬೆಲೆಬಾಳುತ್ತದೆ ಅಂತ ಅದು ಕಲಿಸಿತು. ಹೋಮ್ ರನ್ ಹೆಚ್ಚಾದಷ್ಟೂ ಎರಡನೇ ಬೇಸಿನಲ್ಲಿ ಕಾಯುವುದೇ ಜಾಣತನ ಅನ್ನಿಸುತ್ತದೆ. ಹಿಂದೆ ಬರುವವನು ಗೋಡೆ ದಾಟಿಸಿದರೆ ಎರಡರಲ್ಲಿದ್ದರೇನು, ಮೂರರಲ್ಲಿದ್ದರೇನು? 2019ರಲ್ಲಿ ಮೇಜರ್ ಲೀಗ್‌ನಲ್ಲಿ ಒಟ್ಟು 6,776 ಹೋಮ್ ರನ್ ಬಂದವು. ಅದು ದಾಖಲೆ.

ಮೂರನೇ ಬೇಸ್ ಅವರೇ, ಆ ಹುಡುಗ ನಿಂತಾಗ ಎಷ್ಟು ಔಟ್ ಆಗಿತ್ತು?

ಮೂರನೇ ಬೇಸ್ · ಮಂಗಳವಾರ ಮಧ್ಯಾಹ್ನ

ಮೇಷ್ಟ್ರೇ, ನಾನು ಪೆನ್ಸಿಲ್‌ನಲ್ಲಿ ಸ್ಕೋರ್ ಕಾರ್ಡ್ ಬರೆಯುವವನು. ಈಗಷ್ಟೇ ತೆಗೆದು ನೋಡಿದೆ. ಒಂದು ಔಟ್.

ಅದರ ಕೆಳಗಿನ ಚೌಕದಲ್ಲಿ ನಾನೇ ಬರೆದಿದ್ದೇನೆ, ಎಫ್8. ಮುಂದಿನವನು ಸೆಂಟರ್ ಫೀಲ್ಡರಿಗೆ ದೂರಕ್ಕೆ ಕ್ಯಾಚ್ ಕೊಟ್ಟ. ಮೂರನೇ ಬೇಸ್‌ನಲ್ಲಿದ್ದಿದ್ದರೆ ಆರಾಮಾಗಿ ನಡೆದು ಬರಬಹುದಿತ್ತು. ಅದರ ನಂತರದವನು ಸ್ಟ್ರೈಕ್‌ಔಟ್, ಅಂದರೆ ಚೆಂಡು ಹೊಡೆಯಲಾಗದೆ ಔಟ್. ಇನಿಂಗ್ ಮುಗಿಯಿತು. ಪಂದ್ಯ ಒಂದು ರನ್‌ನಲ್ಲಿ ಹೋಯಿತು.

ಕಾರ್ಡ್ ಕೈಯಲ್ಲಿ ಹಿಡಿದು ಹೊಟ್ಟೆ ಉರಿಯುತ್ತಿದೆ.

ಡೆಟ್ರಾಯ್ಟ್ ಚಳಿ · ಮಂಗಳವಾರ ಮಧ್ಯಾಹ್ನ

ಅಯ್ಯೋ. ಒಂದು ಔಟ್ ಇದ್ದಾಗ ನಿಂತನಾ?

ಲೆಕ್ಕದ ಮೇಷ್ಟ್ರು · ಮಂಗಳವಾರ ಸಂಜೆ

ಹಾಗಿದ್ದರೆ ಲೆಕ್ಕ ಅವನನ್ನು ನಿಲ್ಲಿಸಿಲ್ಲ. ಭಯ ನಿಲ್ಲಿಸಿರಬೇಕು. ಅವನದ್ದಲ್ಲದಿದ್ದರೆ ಮೂರನೇ ಬೇಸಿನ ಹತ್ತಿರ ನಿಲ್ಲುವ ಕೋಚಿನದ್ದು. ಆ ಕೋಚಿನ ಪಾಡು ನೋಡಿ. ಓಡು ಅಂತ ಕೈ ಬೀಸಿ ಆಟಗಾರ ಔಟ್ ಆದರೆ ಸ್ಟೇಡಿಯಂ ಪೂರ್ತಿ ಅವನ ಮೇಲೆ ಕೂಗುತ್ತದೆ. ನಿಲ್ಲು ಅಂತ ಕೈ ಎತ್ತಿದರೆ ಯಾರೂ ಏನೂ ಅನ್ನುವುದಿಲ್ಲ. ಬಾರದೇ ಹೋದ ರನ್ ಯಾರ ಕಣ್ಣಿಗೂ ಬೀಳುವುದಿಲ್ಲ, ನಿಮ್ಮ ಹಾಗೆ ಪೆನ್ಸಿಲ್ ಹಿಡಿದವರಿಗೆ ಬಿಟ್ಟರೆ.

ಓಣಿಯ ಕೊನೆ · ಮಂಗಳವಾರ ರಾತ್ರಿ

ಸ್ಯಾನ್ ಫ್ರಾನ್ಸಿಸ್ಕೋದಿಂದ ಬರೆಯುತ್ತಿದ್ದೇನೆ. ಇಷ್ಟು ಹೊತ್ತು ಫೀಲ್ಡರುಗಳ ಮಾತು ಬಂದಿಲ್ಲ, ಅದಕ್ಕೇ ಬಾಯಿ ಹಾಕುತ್ತಿದ್ದೇನೆ.

2015ರಿಂದ ಎಲ್ಲಾ ಮೇಜರ್ ಲೀಗ್ ಮೈದಾನಗಳಲ್ಲೂ ಸ್ಟ್ಯಾಟ್‌ಕಾಸ್ಟ್ ಅನ್ನುವ ವ್ಯವಸ್ಥೆ ಇದೆ. ಚೆಂಡು ಎಷ್ಟು ವೇಗದಲ್ಲಿ ಬ್ಯಾಟು ಬಿಟ್ಟಿತು, ಫೀಲ್ಡರ್ ಎಲ್ಲಿ ನಿಂತಿದ್ದ, ಎಷ್ಟು ಬೇಗ ಓಡಿದ, ಎಲ್ಲಾ ಅಳೆಯುತ್ತದೆ. ಇದರಿಂದ ತಂಡಗಳಿಗೆ ಒಂದು ವಿಷಯ ಖಚಿತವಾಯಿತು. ಫೀಲ್ಡರ್ ಮುಂದೆ ನಿಂತರೆ ಕೆಲವು ಸಿಂಗಲ್ ಉಳಿಯುತ್ತವೆ. ಹಿಂದೆ ನಿಂತರೆ ಡಬಲ್, ಟ್ರಿಪಲ್ ಉಳಿಯುತ್ತವೆ. ಯಾವುದು ಲಾಭ ಅಂತ ಯಾರಿಗಾದರೂ ಗೊತ್ತಾಗುತ್ತದೆ. ಹಾಗಾಗಿ ಔಟ್‌ಫೀಲ್ಡರುಗಳು ಹಿಂದಕ್ಕೆ ಸರಿದರು.

ನಾನು ನಮ್ಮ ಮೈದಾನದಲ್ಲಿ ಯಾವಾಗಲೂ ಬಲ ಸಂದಿಯ ಹಿಂದೆ ಕೂರುವವನು. ಈಗ ಪ್ರತಿ ಬ್ಯಾಟರಿಗೂ ಫೀಲ್ಡರ್ ಟೋಪಿಯೊಳಗಿಂದ ಒಂದು ಚಿಕ್ಕ ಕಾರ್ಡ್ ತೆಗೆದು ನೋಡುತ್ತಾನೆ. ನಾಲ್ಕು ಹೆಜ್ಜೆ ಎಡಕ್ಕೆ, ಆರು ಹೆಜ್ಜೆ ಹಿಂದಕ್ಕೆ. ಚೆಂಡು ಬರುವ ಜಾಗ ಅವನಿಗೆ ಮೊದಲೇ ಗೊತ್ತು. ಅವನು ಓಡುವುದು ಅಡ್ಡಕ್ಕೆ, ಹಿಂದಕ್ಕಲ್ಲ. ಗೋಡೆ ಮುಟ್ಟುವ ಮೊದಲೇ ಚೆಂಡಿಗೆ ಅಡ್ಡ ಬರುತ್ತಾನೆ. ಅಲ್ಲಿಗೆ ಟ್ರಿಪಲ್ ಸತ್ತ ಹಾಗೇ.

ಜೊತೆಗೆ ಗೋಡೆಯ ಆಕಾರ. ನಮ್ಮ ಬಲಗಡೆ ಇಟ್ಟಿಗೆ ಗೋಡೆ ಎತ್ತರ, ಮೂಲೆ ಮೂಲೆಯಾಗಿದೆ. 2007ರ ಆಲ್ ಸ್ಟಾರ್ ಪಂದ್ಯದಲ್ಲಿ (ಆಯ್ದ ಆಟಗಾರರ ಪಂದ್ಯ) ಇಚಿರೊ ಹೊಡೆದ ಚೆಂಡು ಆ ಗೋಡೆಗೆ ಬಡಿದು ಯಾರೂ ಅಂದುಕೊಳ್ಳದ ಕಡೆ ಹಾರಿತು. ಫೀಲ್ಡರ್ ಅದನ್ನು ಹಿಡಿಯುವಷ್ಟರಲ್ಲಿ ಇಚಿರೊ ನಾಲ್ಕೂ ಬೇಸ್ ಸುತ್ತಿ ಬಂದಿದ್ದ. ಆಲ್ ಸ್ಟಾರ್ ಪಂದ್ಯದಲ್ಲಿ ಗೋಡೆ ದಾಟದೆ ಬಂದ ಹೋಮ್ ರನ್ ಅದೊಂದೇ. ಅಂಥ ಮೂಲೆಗಳಿರುವ ಮೈದಾನ ಇನ್ನೂ ಕೆಲವು ಉಳಿದಿವೆ. ಬಾಸ್ಟನ್ನಿನ ಫೆನ್‌ವೇಯಲ್ಲಿ 420 ಅಡಿಯ ತ್ರಿಕೋನದ ಮೂಲೆ. ಅರಿಜೋನಾದಲ್ಲಿ ಸೆಂಟರಿನ ಎರಡೂ ಕಡೆ 413 ಅಡಿ. ಈಗ ಟ್ರಿಪಲ್‌ನಲ್ಲಿ ಮುಂದಿರುವವರು ಯಾರು ನೋಡಿ. 2024ರಲ್ಲಿ ಬಾಸ್ಟನ್ನಿನ ಜ್ಯಾರನ್ ಡುರಾನ್, ಅರಿಜೋನಾದ ಕಾರ್ಬಿನ್ ಕ್ಯಾರಲ್, ಇಬ್ಬರೂ 14. 2025ರಲ್ಲಿ ಕ್ಯಾರಲ್ 17. ಕ್ಯಾರಲ್ ಆಟ ಯಾವತ್ತು ಟಿವಿಯಲ್ಲಿ ಬಂದರೂ ನಾನು ಬಿಡುವುದಿಲ್ಲ.

ಗಲ್ಲಿ ಕ್ರಿಕೆಟ್ · ಬುಧವಾರ ಬೆಳಿಗ್ಗೆ

ಒಂದು ಪ್ರಶ್ನೆ. 2023ರಲ್ಲಿ ಬೇಸ್‌ಗಳನ್ನು ದೊಡ್ಡದು ಮಾಡಿದರಲ್ಲಾ, 15 ಇಂಚಿನಿಂದ 18 ಇಂಚಿಗೆ? ಓಡುವವರಿಗೆ ಅನುಕೂಲ ಆಗಲಿ ಅಂತಲೇ ಮಾಡಿದ್ದು ಅಂತ ಓದಿದೆ. ಹಾಗಿದ್ದರೆ ಟ್ರಿಪಲ್ ಹೆಚ್ಚಾಗಬೇಕಿತ್ತಲ್ವಾ?

ಕಾನ್ಸಾಸ್ ಅಕ್ಕ · ಬುಧವಾರ ಬೆಳಿಗ್ಗೆ

ಒಳ್ಳೆ ಪ್ರಶ್ನೆ ತಮ್ಮಾ. ಬೇಸ್ ಕದಿಯುವುದು, ಅಂದರೆ ಹೊಡೆತವಿಲ್ಲದೆ ಮುಂದಿನ ಬೇಸಿಗೆ ಓಡಿ ಸೇರುವುದು, ನಿಜಕ್ಕೂ ಹೆಚ್ಚಾಯಿತು. 2022ರಲ್ಲಿ 2,486 ಇದ್ದದ್ದು 2023ರಲ್ಲಿ 3,503. ಟ್ರಿಪಲ್ ಮಾತ್ರ ಹಾಗೆ ಜಿಗಿಯಲಿಲ್ಲ.

ಕಾರಣ ಯೋಚಿಸಿದರೆ ಸರಳ. ಕದಿಯುವವನಿಗೆ ಸಿಕ್ಕ ಸಹಾಯ ಬೇಸಿನ ಅಳತೆ ಒಂದೇ ಅಲ್ಲ. ಪಿಚರ್ ಮೊದಲ ಬೇಸಿಗೆ ಎಷ್ಟು ಸಲ ಬೇಕಾದರೂ ಎಸೆದು ಹೆದರಿಸುವ ಹಾಗಿಲ್ಲ ಅಂತ ಕಟ್ಟು ಹಾಕಿದರು. ಇಷ್ಟು ಹೊತ್ತಿನೊಳಗೆ ಎಸೆಯಬೇಕು ಅಂತ ಗಡಿಯಾರ ಇಟ್ಟರು. ಅದೆಲ್ಲಾ ಪಿಚರಿನ ಕೈ ಕಟ್ಟಿದ್ದು. ಟ್ರಿಪಲ್‌ಗೆ ಅಡ್ಡ ಬರುವವನು ಔಟ್‌ಫೀಲ್ಡರ್. ಅವನನ್ನು ಯಾರೂ ಮುಟ್ಟಲಿಲ್ಲ. ಅವನು ಎಲ್ಲಿ ಬೇಕಾದರೂ ನಿಲ್ಲಬಹುದು. ದೊಡ್ಡ ಬೇಸಿನಿಂದ ಹೋಮ್ ಪ್ಲೇಟ್‌ನಿಂದ ಮೂರನೇ ಬೇಸಿನವರೆಗಿನ ದಾರಿಯಲ್ಲಿ ಉಳಿದದ್ದು ಎಲ್ಲಾ ಸೇರಿ ಸುಮಾರು ಒಂದು ಅಡಿ. 270 ಅಡಿಯಲ್ಲಿ ಒಂದು ಅಡಿ.

ಹಳೇ ಪುಸ್ತಕ · ಬುಧವಾರ ಮಧ್ಯಾಹ್ನ

ಇನ್ನೂ ಒಂದು ಸೇರಿಸಿ. ಚೆಂಡು ಬ್ಯಾಟಿಗೆ ತಾಗಿದರೆ ತಾನೇ ಟ್ರಿಪಲ್? 2018ರಲ್ಲಿ ಮೊದಲ ಸಲ ಇಡೀ ಸೀಸನ್ನಿನಲ್ಲಿ ಹಿಟ್‌ಗಳಿಗಿಂತ ಸ್ಟ್ರೈಕ್‌ಔಟ್ ಜಾಸ್ತಿ ಆದವು. ಮೈದಾನಕ್ಕೆ ಬೀಳುವ ಚೆಂಡೇ ಕಡಿಮೆಯಾದರೆ ಸಂದಿಗೆ ಬೀಳುವುದು ಎಲ್ಲಿಂದ ಬರಬೇಕು?

ಹೋಮ್ ರನ್ ಹೊಡೆಯುವವನಿಗೆ ಟ್ರಿಪಲ್ ಆಗಲ್ಲ ಅನ್ನುವುದನ್ನೂ ನಾನು ಒಪ್ಪಲ್ಲ. ಬೇಬ್ ರೂತ್ 136 ಟ್ರಿಪಲ್ ಹೊಡೆದಿದ್ದಾನೆ. ಲೂ ಗೆಹ್ರಿಗ್ 163. ಇಬ್ಬರೂ ದಪ್ಪ ಮೈಯವರು. ಅವರು ಓಡುತ್ತಿದ್ದರು, ಅಷ್ಟೇ. ಒಹ್ಟಾನಿಯೂ 2021ರಲ್ಲಿ 46 ಹೋಮ್ ರನ್ ಜೊತೆ 8 ಟ್ರಿಪಲ್ ಹೊಡೆದ.

ಕೋಚ್ ಅಪ್ಪ · ಬುಧವಾರ ಸಂಜೆ

ನಾಲ್ಕು ವರ್ಷದಿಂದ ಮಕ್ಕಳ ತಂಡಕ್ಕೆ ಕೋಚಿಂಗ್ ಮಾಡುತ್ತಿದ್ದೇನೆ. ಹತ್ತು ಹನ್ನೆರಡು ವಯಸ್ಸಿನವರು. ಹಾಗಾಗಿ ನಾನು ಅಂಕಿಗಿಂತ ಕಾಲು ನೋಡುತ್ತೇನೆ.

ಟ್ರಿಪಲ್ ಎರಡನೇ ಬೇಸ್ ಹತ್ತಿರ ತೀರ್ಮಾನ ಆಗುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅಲ್ಲ. ಬ್ಯಾಟ್ ಕೈ ಬಿಟ್ಟ ಮೊದಲ ನಾಲ್ಕು ಹೆಜ್ಜೆಯಲ್ಲಿ ಆಗುತ್ತದೆ. ನಾನು ಮಕ್ಕಳಿಗೆ ಹೇಳುವುದು ಇಷ್ಟೇ. ಚೆಂಡು ಸಂದಿ ಕಡೆ ಹೋಯಿತು ಅಂತ ಗೊತ್ತಾದ ಕೂಡಲೇ ಅದನ್ನು ನೋಡಬೇಡಿ. ಮೂರು ಅಂತ ಮನಸ್ಸಲ್ಲಿ ಹೇಳಿಕೊಂಡು ಓಡಿ. ಮೊದಲ ಬೇಸಿಗೆ ನೇರ ಹೋಗಬೇಡಿ. ಅರ್ಧ ದಾರಿಯಲ್ಲೇ ಬಲಕ್ಕೆ ಸ್ವಲ್ಪ ಬಾಗಿ, ಬಾಳೆಹಣ್ಣಿನ ಆಕಾರದಲ್ಲಿ ಬಂದು, ಬೇಸಿನ ಒಳ ಮೂಲೆಯನ್ನು ಕಾಲಿನಿಂದ ಒದ್ದು ತಿರುಗಬೇಕು. ನೇರ ಹೋದರೆ ತಿರುಗುವಾಗ ಹುಲ್ಲಿನವರೆಗೂ ಹೋಗಿಬಿಡುತ್ತೀರಿ, ಅಲ್ಲೇ ಅರ್ಧ ಸೆಕೆಂಡ್ ಹೋಯಿತು. ಎರಡನೇ ಬೇಸಿಗೆ ಹತ್ತು ಹೆಜ್ಜೆ ಇರುವಾಗ ತಲೆ ಎತ್ತಿ ಮೂರನೇ ಬೇಸಿನ ಕೋಚ್ ನೋಡಬೇಕು. ಚೆಂಡು ನಿಮ್ಮ ಬೆನ್ನ ಹಿಂದಿದೆ, ಅವನೇ ನಿಮ್ಮ ಕಣ್ಣು.

ಬಲ ಸಂದಿಗೆ ಯಾಕೆ ಹೆಚ್ಚು ಟ್ರಿಪಲ್ ಅಂತಲೂ ಹೇಳಿಬಿಡುತ್ತೇನೆ. ಅಲ್ಲಿಂದ ಮೂರನೇ ಬೇಸಿಗೆ ಥ್ರೋ ಎಲ್ಲಕ್ಕಿಂತ ದೂರ. ನಡುವೆ ಒಬ್ಬ ಹಿಡಿದು ಮತ್ತೆ ಎಸೆಯಬೇಕು. ನಾನು ಸ್ಟಾಪ್‌ವಾಚ್ ಹಿಡಿದು ದೊಡ್ಡವರ ಆಟದಲ್ಲಿ ಎಷ್ಟೋ ಸಲ ಅಳೆದಿದ್ದೇನೆ. ಫೀಲ್ಡರ್ ಗೋಡೆ ಹತ್ತಿರ ಚೆಂಡು ಎತ್ತುವಷ್ಟರಲ್ಲಿ ಆರೂವರೆ ಸೆಕೆಂಡ್. ಅಲ್ಲಿಂದ ಎರಡು ಥ್ರೋ ಸೇರಿ ನಾಲ್ಕೂವರೆ. ಹನ್ನೊಂದಾಯಿತು. ಚೆನ್ನಾಗಿ ಓಡುವವನಿಗೂ ಮೂರನೇ ಬೇಸಿಗೆ ಅಷ್ಟೇ ಬೇಕು. ಆ ಮೊದಲ ನಾಲ್ಕು ಹೆಜ್ಜೆ ಹಾಳು ಮಾಡಿಕೊಂಡರೆ ಆಮೇಲೆ ಎಷ್ಟು ಓಡಿದರೂ ತುಂಬಿಕೊಳ್ಳಲು ಆಗಲ್ಲ.

ಮೂರನೇ ಬೇಸ್ ಅವರೇ, ಆ ಆಟದ ವಿಡಿಯೋ ಸಿಗುತ್ತದಾ? ಎರಡನೇ ಬೇಸ್ ಬಿಡಿ. ಅವನು ಬ್ಯಾಟ್ ಬಿಟ್ಟ ಮೇಲೆ ಏನು ಮಾಡಿದ ನೋಡಿ.

ಮೂರನೇ ಬೇಸ್ · ಬುಧವಾರ ರಾತ್ರಿ

ಸಿಕ್ಕಿತು. ಊಟ ಆದ ಮೇಲೆ ಮಗಳೂ ನಾನೂ ಕೂತು ನೋಡಿದೆವು. ಹಿಂದೆ ಮುಂದೆ ಮಾಡಿ ಎಂಟು ಹತ್ತು ಸಲ.

ಕೋಚ್ ಅವರೇ, ನೀವು ಹೇಳಿದ ಹಾಗೇ ಇದೆ. ಚೆಂಡು ಬ್ಯಾಟಿಗೆ ಚೆನ್ನಾಗಿ ಕೂತಿದೆ. ಅವನು ಬ್ಯಾಟ್ ಎಸೆದಿಲ್ಲ, ಕೈಯಲ್ಲೇ ಹಿಡಿದಿದ್ದಾನೆ. ತಲೆ ಎತ್ತಿ ಚೆಂಡು ನೋಡುತ್ತಿದ್ದಾನೆ. ಒಂದು, ಎರಡು, ಮೂರು, ನಾಲ್ಕು ಹೆಜ್ಜೆ. ನಡೆದಿದ್ದಾನೆ, ಓಡಿಲ್ಲ. ಐದನೆಯದಕ್ಕೆ ಬ್ಯಾಟ್ ಕೆಳಗೆ ಬಿತ್ತು, ಆಗ ಓಟ ಶುರು. ಗೋಡೆ ದಾಟುತ್ತದೆ ಅಂದುಕೊಂಡಿದ್ದ. ನಾವು ಸ್ಟೇಡಿಯಂನಲ್ಲಿ ಎಲ್ಲರೂ ಚೆಂಡನ್ನೇ ನೋಡುತ್ತಿದ್ದೆವು, ಅವನನ್ನು ಯಾರೂ ನೋಡಲಿಲ್ಲ.

ಎರಡನೇ ಬೇಸ್ ಹತ್ತಿರ ಬರುವಾಗ ಕೋಚ್ ಎರಡೂ ಕೈ ಎತ್ತಿದ್ದಾನೆ. ಆ ಹೊತ್ತಿಗೆ ಥ್ರೋ ನಡುವಿನವನ ಕೈಗೆ ಬಂದಾಗಿತ್ತು. ನಿಲ್ಲಿಸಿದ್ದು ಸರಿಯೇ. ಕೋಚನ್ನು ಬೈಯಲು ನನಗೆ ಮನಸ್ಸು ಬರುತ್ತಿಲ್ಲ.

ಮಗಳು ಮೊಬೈಲಿನಲ್ಲಿ ಸಮಯ ಹಿಡಿದಳು. ಬ್ಯಾಟಿಗೆ ತಾಗಿದ್ದರಿಂದ ಐದನೇ ಹೆಜ್ಜೆಯವರೆಗೆ ಎರಡು ಸೆಕೆಂಡಿಗೆ ಸ್ವಲ್ಪ ಜಾಸ್ತಿ.

ಡೆಟ್ರಾಯ್ಟ್ ಚಳಿ · ಬುಧವಾರ ರಾತ್ರಿ

ಎರಡು ಸೆಕೆಂಡ್! ಅಷ್ಟರಲ್ಲಿ ಗ್ರ್ಯಾಂಡರ್ಸನ್ ಮೊದಲ ಬೇಸಿಗೆ ಅರ್ಧ ದಾರಿ ಬಂದಿರುತ್ತಿದ್ದ. ಗೋಡೆ ಹಿಂದಕ್ಕೆ ಹಾಕಿದರೆ ಎಲ್ಲಾ ಸರಿಹೋಗುತ್ತದೆ ಅಂದಿದ್ದೆ. ಆ ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಗೋಡೆ 457 ಅಡಿ ಇದ್ದರೂ ನಡೆದುಕೊಂಡು ಹೋದರೆ ಟ್ರಿಪಲ್ ಬರಲ್ಲ.

ಕಾನ್ಸಾಸ್ ಅಕ್ಕ · ಗುರುವಾರ ಬೆಳಿಗ್ಗೆ

ಹುಡುಗನ ಮೇಲೂ ಪೂರ್ತಿ ಹೊರಿಸಬೇಡಿ. ಅವನು ಚಿಕ್ಕಂದಿನಿಂದ ನೋಡಿದ್ದೇ ಅದು. ಮೇಲಿನ ಲೀಗಿಗೆ ಹೋಗಬೇಕು ಅಂದರೆ ಹೋಮ್ ರನ್ ಹೊಡಿ ಅಂತಲೇ ಎಲ್ಲರೂ ಹೇಳಿಕೊಟ್ಟಿರುತ್ತಾರೆ. ಹತ್ತು ಅಡಿ ಈಚೆ ಬಿದ್ದ ಚೆಂಡಿಗೆ ಹೇಗೆ ಓಡಬೇಕು ಅಂತ ಅವನಿಗೆ ಯಾರಾದರೂ ಹೇಳಿಕೊಟ್ಟಿದ್ದಾರಾ?

ಕೋಚ್ ಅಪ್ಪ · ಗುರುವಾರ ಬೆಳಿಗ್ಗೆ

ಅಕ್ಕ ಹೇಳಿದ್ದು ನಿಜ. ನಾನೇ ಮಕ್ಕಳಿಗೆ ಬ್ಯಾಟಿಂಗ್ ಅಭ್ಯಾಸ ಒಂದು ಗಂಟೆ ಮಾಡಿಸುತ್ತೇನೆ, ಬೇಸ್ ತಿರುಗುವುದು ಹತ್ತು ನಿಮಿಷ. ಇವತ್ತು ಸಂಜೆ ಅಭ್ಯಾಸ ಇದೆ. ಮೊದಲ ಅರ್ಧ ಗಂಟೆ ಬ್ಯಾಟ್ ಹೊರಗೆ ತೆಗೆಯುವುದಿಲ್ಲ. ಬರೀ ಓಟ, ಹೋಮ್ ಪ್ಲೇಟ್‌ನಿಂದ ಮೂರನೇ ಬೇಸಿನವರೆಗೆ.

ಮೂರನೇ ಬೇಸ್ · ಗುರುವಾರ ಮಧ್ಯಾಹ್ನ

ಎಲ್ಲರಿಗೂ ಧನ್ಯವಾದ. ಬೆಳಿಗ್ಗೆ ಶಾಲೆಗೆ ಬಿಡುವಾಗ ಮಗಳಿಗೆ ನಿಮ್ಮ ಉತ್ತರಗಳನ್ನೆಲ್ಲಾ ಹೇಳಿದೆ. ಗೋಡೆ, ಪ್ಲಾಸ್ಟಿಕ್ ಹುಲ್ಲು, ಟೋಪಿಯೊಳಗಿನ ಕಾರ್ಡ್, ಒಂದು ಔಟಿನ ಲೆಕ್ಕ. ಅವಳಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಫೋರ್ಬ್ಸ್ ಫೀಲ್ಡಿನ ಮೂಲೆಯಲ್ಲಿ ಇಟ್ಟಿದ್ದ ಆ ಬ್ಯಾಟಿಂಗ್ ಕೇಜ್. ಚೆಂಡು ಅದರೊಳಗೆ ಸಿಕ್ಕಿಕೊಂಡರೆ ಏನು ಮಾಡುತ್ತಿದ್ದರು ಅಂತ ಕೇಳುತ್ತಿದ್ದಾಳೆ. ಹಳೇ ಪುಸ್ತಕ ಅವರೇ, ಗೊತ್ತಿದ್ದರೆ ಹೇಳಿ.

ಈ ಶನಿವಾರ ಮತ್ತೆ ಆಟವಿದೆ, ಅದೇ ಮೈದಾನ, ಅದೇ ಹುಡುಗ ಆಡುತ್ತಾನೆ. ಈ ಸಲ ಬಲಗಡೆ ಬೇಡ, ಮೂರನೇ ಬೇಸಿನ ಹಿಂದಿನ ಸಾಲಲ್ಲಿ ಟಿಕೆಟ್ ತೆಗೆದಿದ್ದೇನೆ. ಸ್ಕೋರ್ ಕಾರ್ಡ್ ನನ್ನ ಕೈಯಲ್ಲಿ, ಸ್ಟಾಪ್‌ವಾಚ್ ಅವಳ ಕೈಯಲ್ಲಿ. ಚೆಂಡು ಸಂದಿಗೆ ಹೋದರೆ ಇಬ್ಬರೂ ಅವನ ಕಾಲನ್ನೇ ನೋಡುವುದು ಅಂತ ಮಾತಾಗಿದೆ.